ಸಿಪಾಯಿಯ ತೋಳು ಯಾರದು?

ಅಮೆರಿಕದ ಸೇನೆಗೆ ಸೇರುವ ಹುಡುಗನಿಗೆ ತರಬೇತಿ ಶಿಬಿರದ ಮೊದಲ ದಿನಗಳಲ್ಲೇ ಮೂರು ಕೆಲಸ ಮುಗಿದುಹೋಗುತ್ತವೆ. ತಲೆ ಬೋಳಿಸುತ್ತಾರೆ, ಸಮವಸ್ತ್ರ ಕೊಡುತ್ತಾರೆ, ಸಾಲಿನಲ್ಲಿ ನಿಲ್ಲಿಸಿ ಎರಡೂ ತೋಳಿಗೆ ಸೂಜಿ ಚುಚ್ಚುತ್ತಾರೆ. ದಡಾರ, ಹೆಪಟೈಟಿಸ್, ಧನುರ್ವಾಯು, ಮೆನಿಂಜೈಟಿಸ್ ಹೀಗೆ ಪಟ್ಟಿ ಉದ್ದವಿದೆ. ಅಡಿನೋವೈರಸ್‌ಗೆ ಮಾತ್ರ ಸೂಜಿಯಿಲ್ಲ, ಎರಡು ಮಾತ್ರೆ ನುಂಗಿದರೆ ಆಯಿತು. ಮುಂದೆ ಯಾವ ದೇಶಕ್ಕೆ ಕಳಿಸುತ್ತಾರೆ ಎಂಬುದನ್ನು ನೋಡಿಕೊಂಡು ಈ ಲೆಕ್ಕ 17 ಬಗೆಯ ಲಸಿಕೆಗಳವರೆಗೂ ಹೋಗಬಹುದು. ಹುಡುಗನ ಇಷ್ಟವೇನೆಂದು ಯಾರೂ ಕೇಳುವುದಿಲ್ಲ, ಅವನೂ ಬಾಯಿ ಬಿಡುವುದಿಲ್ಲ. ಸಾಲು ಸರಿಯುತ್ತಾ ಹೋಗುತ್ತದೆ.

ಇಷ್ಟಕ್ಕೆಲ್ಲ ತೋಳು ಕೊಟ್ಟವರಲ್ಲೇ ಕೆಲವರು 2021ರಲ್ಲಿ ಇನ್ನೊಂದು ಸೂಜಿ ಬಂದಾಗ ಕೈ ಹಿಂದಕ್ಕೆ ಎಳೆದುಕೊಂಡರು. ಕೋವಿಡ್ ಲಸಿಕೆ ಒಲ್ಲೆ ಎಂದ ಕಾರಣಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಸೇನೆಯಿಂದ ಹೊರಬಿದ್ದರು. ಅಷ್ಟೊಂದು ಲಸಿಕೆಗಳಿಗೆ ಸೊಲ್ಲೆತ್ತದವನಿಗೆ ಇದೊಂದು ಮಾತ್ರ ಏಕೆ ಗಂಟಲಲ್ಲಿ ಸಿಕ್ಕಿಕೊಂಡಿತು? ಲಸಿಕೆ ವಿರೋಧಿಗಳ ಹಟ ಎಂದು ತಳ್ಳಿಹಾಕುವುದು ಸುಲಭ. ಸರ್ಕಾರದ ದಬ್ಬಾಳಿಕೆ ಎಂದು ಕೂಗುವುದು ಇನ್ನೂ ಸುಲಭ. ನನಗೆ ಅನಿಸುವುದು ಇಷ್ಟು: ಸಿಪಾಯಿಯ ಮೈಮೇಲೆ ಸೇನೆಗೆ ಹಕ್ಕಿರುವುದು ನಿಜ, ಆದರೆ ಸೇನೆ ತನ್ನದೇ ನಿಯಮಗಳನ್ನು ಎಷ್ಟರಮಟ್ಟಿಗೆ ಪಾಲಿಸುತ್ತದೆ ಎಂಬುದರ ಮೇಲೆ ಆ ಹಕ್ಕು ನಿಂತಿದೆ. 2021ರಿಂದ 2025ರವರೆಗೆ ಆಜ್ಞೆ ಕೊಟ್ಟವರು ಅಲ್ಲಿ ಎಡವಿದ್ದು ಒಂದು ಸಲವಲ್ಲ.

ಮೊದಲು ಸೇನೆಯ ಪರವಾದ ವಾದ. ಅದು ಹಳೆಯದು, ಗಟ್ಟಿಯಾದದ್ದು ಕೂಡ. 1775ರ ಕೊನೆಗೆ ಕ್ವಿಬೆಕ್ ಮೇಲೆ ದಂಡೆತ್ತಿ ಹೋದ ಅಮೆರಿಕದ ಪಡೆಯನ್ನು ಬ್ರಿಟಿಷರ ಗುಂಡಿನ ಜತೆಗೆ ಸಿಡುಬೂ ಸವೆಸಿತು. ಅಲ್ಲಿನ ಪಡೆಯ ಹೊಣೆ ಹೊತ್ತಿದ್ದ ಜನರಲ್ ಜಾನ್ ಥಾಮಸ್ 1776ರ ಜೂನ್‌ನಲ್ಲಿ ಸಿಡುಬಿನಿಂದಲೇ ತೀರಿಕೊಂಡರು. ಮರುವರ್ಷದ ಫೆಬ್ರವರಿಯಲ್ಲಿ ಜಾರ್ಜ್ ವಾಷಿಂಗ್ಟನ್ ತಮ್ಮ ಸೈನ್ಯಕ್ಕೆ ಸಿಡುಬು ನಿರೋಧಕ ಚುಚ್ಚುವಿಕೆಯನ್ನು ಕಡ್ಡಾಯ ಮಾಡಿದರು. ಜೆನ್ನರ್ ಅವರ ಲಸಿಕೆ ಬರಲು ಆಗಿನ್ನೂ 19 ವರ್ಷ ಬಾಕಿ. ರೋಗಿಯ ಗುಳ್ಳೆಯಿಂದ ತೆಗೆದ ಕೀವನ್ನು ಆರೋಗ್ಯವಂತನ ಚರ್ಮ ಗೀರಿ ತಾಗಿಸಿ, ರೋಗವನ್ನು ಹಗುರವಾಗಿ ಬರಿಸಿ ಗೆಲ್ಲುವ ವಿಧಾನವದು. ಅದರಿಂದಲೇ ಸಾಯುವವರೂ ಇದ್ದರು. ಇಂದಿನ ಲಸಿಕೆಗಳ ಪಕ್ಕ ಇಟ್ಟರೆ ಅದು ಬೆಂಕಿಯೊಡನೆ ಆಟ. ಆದರೂ ಸಿಡುಬು ತಾನಾಗಿ ಬಂದಾಗ ಕೊಲ್ಲುವುದಕ್ಕಿಂತ ಇದು ಕೊಲ್ಲುವುದು ಬಹಳ ಕಡಿಮೆ ಎಂಬ ಲೆಕ್ಕದ ಮೇಲೆ ಅವರು ಮುಂದಡಿ ಇಟ್ಟರು.

1918ರ ಇನ್‌ಫ್ಲುಯೆಂಜಾ ಈ ಲೆಕ್ಕವನ್ನು ಇನ್ನಷ್ಟು ಕಠೋರವಾಗಿ ಕಲಿಸಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ಲೂ ಮತ್ತು ಅದರ ಬೆನ್ನಿಗೆ ಬಂದ ನ್ಯುಮೋನಿಯಾಕ್ಕೆ ಬಲಿಯಾದ ಅಮೆರಿಕದ ಯೋಧರು ಸುಮಾರು 45,000. ರಣರಂಗದಲ್ಲಿ ಸತ್ತವರು ಸುಮಾರು 53,000. ಬ್ಯಾರಕ್ ಎಂದರೆ ಮಂಚಕ್ಕೆ ಮಂಚ ತಾಗುವ ಜಾಗ. ಒಬ್ಬ ಕೆಮ್ಮಿದರೆ ನಲವತ್ತು ಜನ ಉಸಿರಾಡುತ್ತಾರೆ.

ಅಡಿನೋವೈರಸ್ ಮಾತ್ರೆಯ ಕಥೆಯನ್ನು ಹೆಚ್ಚು ಜನ ಹೇಳುವುದಿಲ್ಲ, ಆದರೆ ನನಗೆ ಸೇನೆಯ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಕಂಡಿಲ್ಲ. ತರಬೇತಿ ಶಿಬಿರಗಳಲ್ಲಿ ಜ್ವರ, ಕೆಮ್ಮು ತಂದು ಹೊಸಬರನ್ನು ಗುಂಪುಗುಂಪಾಗಿ ಮಲಗಿಸುತ್ತಿದ್ದ ಈ ವೈರಸ್ ವಿರುದ್ಧ 1971ರಿಂದ ವಾಡಿಕೆಯಾಗಿ ಮಾತ್ರೆ ಕೊಡಲಾಗುತ್ತಿತ್ತು. ತಯಾರಿಸುತ್ತಿದ್ದದ್ದು ಒಂದೇ ಕಂಪನಿ. ತೊಂಬತ್ತರ ದಶಕದ ನಡುವೆ ಅದು ತಯಾರಿಕೆ ನಿಲ್ಲಿಸಿತು, 1999ರ ಹೊತ್ತಿಗೆ ದಾಸ್ತಾನೂ ಖಾಲಿಯಾಯಿತು. ಜ್ವರ ಮರಳಿ ಬಂತು. ವರ್ಷ ವರ್ಷವೂ ಸಾವಿರಾರು ಹುಡುಗರು ಮಲಗಿದರು, ಕೆಲವರು ಸತ್ತರು. 2011ರಲ್ಲಿ ಮಾತ್ರೆ ಮತ್ತೆ ಸಿಕ್ಕಿದ ಮೇಲೆ ಆ ಜ್ವರ ಹೆಚ್ಚುಕಡಿಮೆ ಕಾಣೆಯಾಯಿತು. ಯಾರೂ ಬೇಕೆಂದು ನಡೆಸದ ಪ್ರಯೋಗ, ಆದರೆ ಫಲಿತಾಂಶದಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಇನ್ನು 2020ರ ಮಾರ್ಚ್. ಯುಎಸ್‌ಎಸ್ ಥಿಯೊಡೋರ್ ರೂಸ್‌ವೆಲ್ಟ್ ಎಂಬ ವಿಮಾನವಾಹಕ ನೌಕೆಯಲ್ಲಿ ಸುಮಾರು 4,800 ಸಿಬ್ಬಂದಿ. ಕೋವಿಡ್ ಹೊಕ್ಕ ಮೇಲೆ 1,200ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿತು, ಒಬ್ಬ ನಾವಿಕ ಸತ್ತ. ಶತ್ರುವಿನ ಒಂದು ಗುಂಡೂ ಹಾರದೆ ಆ ಹಡಗು ಹೆಚ್ಚುಕಡಿಮೆ ಎರಡು ತಿಂಗಳು ಗುವಾಮ್‌ನಲ್ಲಿ ಕಟ್ಟಿಬಿತ್ತು. ನೆರವು ಕೇಳಿ ಕಪ್ತಾನ ಬ್ರೆಟ್ ಕ್ರೋಜಿಯರ್ ಬರೆದ ಪತ್ರ ಪತ್ರಿಕೆಗಳಿಗೆ ಸಿಕ್ಕಿ, ಅವರ ಅಧಿಕಾರವೇ ಹೋಯಿತು. ಇಷ್ಟನ್ನು ಕಂಡ ಸೇನೆ ಲಸಿಕೆ ಕೈಗೆ ಬಂದೊಡನೆ ಕಡ್ಡಾಯ ಮಾಡದೆ ಇನ್ನೇನು ಮಾಡೀತು?

ಹಾಗೆ ನೋಡಿದರೆ, ಕೈಗೆ ಬಂದೊಡನೆ ಕಡ್ಡಾಯ ಮಾಡಲಿಲ್ಲ, ಮಾಡಲು ಬರುತ್ತಲೂ ಇರಲಿಲ್ಲ. ತುರ್ತು ಬಳಕೆಗೆಂದು ಮಾತ್ರ ಅನುಮತಿ ಪಡೆದ ಔಷಧಿಯನ್ನು ಸಿಪಾಯಿ ಬೇಡ ಎನ್ನಬಹುದು. ಆ ಹಕ್ಕನ್ನು ತೆಗೆದುಹಾಕುವ ಅಧಿಕಾರ ಅಧ್ಯಕ್ಷರೊಬ್ಬರಿಗೇ ಇದೆ ಎಂದು ಅಲ್ಲಿನ ಕಾನೂನು ಹೇಳುತ್ತದೆ. 2020ರ ಡಿಸೆಂಬರ್‌ನಿಂದ ಎಂಟು ತಿಂಗಳು ಲಸಿಕೆ ಐಚ್ಛಿಕವಾಗಿಯೇ ಇತ್ತು. 2021ರ ಆಗಸ್ಟ್ 23ರಂದು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಫೈಜರ್ ಲಸಿಕೆಗೆ ಪೂರ್ಣ ಪರವಾನಗಿ ಕೊಟ್ಟಿತು. ಮರುದಿನವೇ ರಕ್ಷಣಾ ಕಾರ್ಯದರ್ಶಿ ಲಾಯ್ಡ್ ಆಸ್ಟಿನ್ ಆದೇಶ ಹೊರಡಿಸಿದರು. ಕಾನೂನಿನ ಬಾಗಿಲು ತೆರೆಯುವುದನ್ನೇ ಕಾದು ಒಳಹೊಕ್ಕಂತೆ.

ಬಾಗಿಲಲ್ಲೊಂದು ತೊಡಕಿತ್ತು. ಪರವಾನಗಿ ಸಿಕ್ಕಿದ್ದು ಕೊಮಿರ್ನಾಟಿ ಎಂಬ ಹೆಸರಿಗೆ. ದಂಡುಪ್ರದೇಶದ ಆಸ್ಪತ್ರೆಗಳಲ್ಲಿದ್ದ ಶೀಶೆಗಳ ಮೇಲೆ ಹಳೆಯ, ತುರ್ತು ಬಳಕೆಯ ಲೇಬಲ್ಲು. ಒಳಗಿರುವ ಮದ್ದು ಒಂದೇ, ಕಾನೂನಿನ ದೃಷ್ಟಿಯಲ್ಲಿ ಮಾತ್ರ ಎರಡೂ ಬೇರೆ ಎಂದು ಎಫ್‌ಡಿಎ ತಾನೇ ಬರೆದಿತ್ತು. ವೈದ್ಯರಿಗೆ ಇದು ತಲೆಹರಟೆಯ ತಕರಾರು. ಆದರೆ ಆದೇಶದಲ್ಲೂ ಪರವಾನಗಿ ಲೇಬಲ್ಲಿನ ಪ್ರಕಾರವೇ ಕೊಡತಕ್ಕದ್ದು ಎಂದಿದ್ದಾಗ, ಅಕ್ಷರ ಹಿಡಿದು ನಡೆಯುವುದನ್ನೇ ಕಲಿತ ಸಿಪಾಯಿ ಅಕ್ಷರ ಹಿಡಿದೇ ಕೇಳಿದ್ದು ನನಗೆ ತಪ್ಪೆನಿಸುವುದಿಲ್ಲ.

ಅಷ್ಟು ಬಿಗಿಯಾದ ಕಾನೂನು ಏಕಿತ್ತು ಎಂದು ಕೇಳಿದರೆ ಸೇನೆಯ ಮನೆಯೊಳಗಿನ ಹಳೆಯ ಗಾಯಗಳು ಕಾಣುತ್ತವೆ. 1942ರಲ್ಲಿ ಯೋಧರಿಗೆ ಕೊಟ್ಟ ಹಳದಿ ಜ್ವರದ ಲಸಿಕೆಯಲ್ಲಿ ಮನುಷ್ಯರ ರಕ್ತದ ಸೀರಮ್ ಬೆರೆಸಿದ್ದರು. ಆ ಸೀರಮ್‌ನಲ್ಲಿ ಹೆಪಟೈಟಿಸ್ ಬಿ ವೈರಸ್ ಇತ್ತು. ಸುಮಾರು 50,000 ಮಂದಿ ಕಾಮಾಲೆಯಿಂದ ಮಲಗಿದರು. ಸೋಂಕು ತಗುಲಿದವರು 3,30,000 ಇರಬಹುದೆಂದು ದಶಕಗಳ ನಂತರ ಲೆಕ್ಕ ಹಾಕಲಾಯಿತು. 1991ರ ಕೊಲ್ಲಿ ಯುದ್ಧದಲ್ಲಿ ವಿಷಾನಿಲದಿಂದ ಕಾಪಾಡಲೆಂದು, ಆ ಉಪಯೋಗಕ್ಕೆ ಇನ್ನೂ ಪರವಾನಗಿ ಸಿಗದ ಮಾತ್ರೆಗಳನ್ನು ಸೈನಿಕರ ಒಪ್ಪಿಗೆ ಕೇಳದೆ ನುಂಗಿಸಲಾಯಿತು. ಒಪ್ಪಿಗೆ ಬಿಟ್ಟುಬಿಡುವ ಅಧಿಕಾರವನ್ನು ಅಧ್ಯಕ್ಷರ ಕೈಗೇ ಸೀಮಿತಗೊಳಿಸಿದ ಕಾನೂನುಗಳು ಬಂದದ್ದು ಅದಾದ ಮೇಲೆ.

ಆಂಥ್ರಾಕ್ಸ್ ಪ್ರಕರಣವಂತೂ ಕೋವಿಡ್ ನಾಟಕದ ಪೂರ್ವತಾಲೀಮಿನಂತಿದೆ. ಜೈವಿಕ ಅಸ್ತ್ರವಾಗಿಯೂ ಬಳಸಬಹುದಾದ ಆ ಮಾರಕ ರೋಗದ ಲಸಿಕೆ 1998ರಲ್ಲಿ ಕಡ್ಡಾಯವಾಯಿತು. ಒಲ್ಲೆ ಎಂದ ನೂರಾರು ಮಂದಿಗೆ ಶಿಸ್ತುಕ್ರಮ, ಕೆಲವರಿಗೆ ಕೋರ್ಟ್ ಮಾರ್ಷಲ್. 2004ರ ಅಕ್ಟೋಬರ್‌ನಲ್ಲಿ ನ್ಯಾಯಾಧೀಶ ಎಮೆಟ್ ಸಲಿವನ್ ಕಡ್ಡಾಯವನ್ನೇ ತಡೆದರು. ಉಸಿರಿನ ಮೂಲಕ ಬರುವ ಆಂಥ್ರಾಕ್ಸ್‌ಗೆ ಆ ಲಸಿಕೆಯನ್ನು ಬಳಸಲು ಎಫ್‌ಡಿಎ ನೀಡಿದ ಒಪ್ಪಿಗೆ ಸರಿಯಾದ ಕ್ರಮದಲ್ಲಿ ನಡೆದಿರಲಿಲ್ಲ ಎಂಬುದು ಕಾರಣ. 2005ರಲ್ಲಿ ಎಫ್‌ಡಿಎ ಕ್ರಮ ಸರಿಪಡಿಸಿತು, ಕಡ್ಡಾಯ ಮತ್ತೆ ಬಂತು. ಅಂದರೆ ನಡುವೆ ಕೆಲವು ವರ್ಷ ಸೈನಿಕನಿಗೆ ಶಿಕ್ಷೆಯಾದದ್ದು ನ್ಯಾಯಾಲಯದ ಕಣ್ಣಲ್ಲಿ ಊರ್ಜಿತವಲ್ಲದ ಆಜ್ಞೆ ಮೀರಿದ್ದಕ್ಕೆ. ಇದನ್ನು ಆ ಕಾಲದವರು ತಮ್ಮ ಕಿರಿಯರಿಗೆ ಹೇಳದೆ ಬಿಟ್ಟಿರುತ್ತಾರೆಯೇ?

ಈಗ ಇಪ್ಪತ್ತರ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. 2021ರ ಸೆಪ್ಟೆಂಬರ್. ಕಮಾಂಡರ್ ಕರೆಸಿ ಕೂರಿಸಿಕೊಂಡು, ಇದು ನ್ಯಾಯಬದ್ಧ ಆಜ್ಞೆ, ಮೀರಿದರೆ ಸೈನಿಕ ನ್ಯಾಯಸಂಹಿತೆಯ 92ನೇ ವಿಧಿ ಕಾದಿದೆ ಎಂದು ಹೇಳಿ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರೆ. ಹುಡುಗನ ತಲೆಯಲ್ಲಿ ಓಡುತ್ತಿರುವ ಲೆಕ್ಕವೇ ಬೇರೆ. ಈ ವಯಸ್ಸಿನ, ಮೈಕಟ್ಟಿರುವ ಗಂಡಿಗೆ ಕೋವಿಡ್‌ನಿಂದ ಸಾಯುವ ಸಂಭವ ತೀರಾ ಕಡಿಮೆ. ಲಸಿಕೆಯಿಂದ ಹೃದಯದ ಸ್ನಾಯು ಉರಿಯೂತ ಬರುವ ಸಂಭವವೂ ಕಡಿಮೆಯೇ, ಆದರೆ ಅದು ಹೆಚ್ಚು ಕಂಡದ್ದು ಇವನ ವಯಸ್ಸಿನ ಗಂಡುಮಕ್ಕಳಲ್ಲೇ. ಇದನ್ನು ಮೊದಲು ಬರೆದಿಟ್ಟವರಲ್ಲಿ ಸೇನೆಯ ವೈದ್ಯರೂ ಇದ್ದರು: 2021ರ ಜೂನ್‌ನಲ್ಲಿ ಪ್ರಕಟವಾದ ಅವರ ವರದಿಯಲ್ಲಿ 28 ಲಕ್ಷಕ್ಕೂ ಹೆಚ್ಚು ಡೋಸ್‌ಗಳ ನಡುವೆ ಅಂಥ 23 ಪ್ರಕರಣ, ಎಲ್ಲರೂ ಗಂಡಸರು, ವಯಸ್ಸಿನ ಮಧ್ಯಾಂಕ 25. ಬಹುಪಾಲು ಮಂದಿಗೆ ಎರಡನೇ ಡೋಸ್ ನಂತರ.

23 ಎಂಬುದು ದೊಡ್ಡ ಸಂಖ್ಯೆಯಲ್ಲ. ಅದೇ ಹೊತ್ತಿಗೆ ಡೆಲ್ಟಾ ಹಬ್ಬುತ್ತಿತ್ತು, ಮತ್ತು ಕೋವಿಡ್ ಕೂಡ ಹೃದಯವನ್ನು ಬಿಡುವುದಿಲ್ಲ. ಆ ಹುಡುಗ ಆಗ ನನ್ನನ್ನು ಕೇಳಿದ್ದರೆ ಹಾಕಿಸಿಕೋ ಎಂದೇ ಹೇಳುತ್ತಿದ್ದೆ. ಆದರೆ ಇಲ್ಲಿ ಎರಡು ಲೆಕ್ಕಪುಸ್ತಕಗಳಿವೆ ಎಂಬುದನ್ನು ಮರೆಯಬಾರದು. ಸೇನೆ ಹಡಗಿನ ಲೆಕ್ಕ ಬರೆಯುತ್ತದೆ, ಹುಡುಗ ಒಂದೇ ಎದೆಯ ಲೆಕ್ಕ ಬರೆಯುತ್ತಾನೆ. ಹಡಗಿನ ಲೆಕ್ಕ ಗೆಲ್ಲಬೇಕು ಎಂದು ಅವನು ಸೇರುವಾಗಲೇ ಒಪ್ಪಿದ್ದಾನೆ. ಗುಂಡಿಗೆ ಎದೆ ಕೊಡುತ್ತೇನೆಂದವನು ಸೂಜಿಗೆ ತೋಳು ಕೊಡಲಾರನೇ ಎಂಬ ಮಾತು ಇಲ್ಲಿಂದ ಬರುತ್ತದೆ. ಕೇಳಲು ಚೆಂದ, ಆದರೆ ಅರ್ಧ ಸತ್ಯ. ಗುಂಡಿಗೆ ಎದೆ ಕೊಡುವವನನ್ನೂ ಸುಮ್ಮನೆ ಸಾಯಲು ಕಳಿಸುವ ಅಧಿಕಾರ ಯಾವ ಕಮಾಂಡರಿಗೂ ಇಲ್ಲ. ಕಾರಣ ಬೇಕು, ಆ ಕಾರಣ ಆ ಹೊತ್ತಿಗೆ ನಿಜವಾಗಿರಬೇಕು.

ಅಂತಃಸಾಕ್ಷಿಯ ಪ್ರಶ್ನೆ ಇನ್ನೂ ಜಟಿಲ. ಹಲವರ ಆಕ್ಷೇಪ, ಲಸಿಕೆಗಳ ಪರೀಕ್ಷೆಯಲ್ಲಿ ಅಥವಾ ತಯಾರಿಕೆಯಲ್ಲಿ ದಶಕಗಳ ಹಿಂದಿನ ಗರ್ಭಪಾತದ ಭ್ರೂಣಗಳಿಂದ ಬೆಳೆಸಿದ ಕೋಶಗಳನ್ನು ಬಳಸಿದ್ದರ ಬಗ್ಗೆ. ಲಸಿಕೆ ಪಡೆಯುವುದು ನೈತಿಕವಾಗಿ ಒಪ್ಪತಕ್ಕದ್ದು ಎಂದು ವ್ಯಾಟಿಕನ್ 2020ರ ಡಿಸೆಂಬರ್‌ನಲ್ಲೇ ಹೇಳಿತ್ತು. ಅಮೆರಿಕದ ಸೇನೆಯ ಕ್ಯಾಥೊಲಿಕರಿಗೆ ಗುರುವಾದ ಆರ್ಚ್‌ಬಿಷಪ್ ತಿಮೋತಿ ಬ್ರೋಲಿಯೋ ಅದನ್ನು ಒಪ್ಪಿಯೂ, 2021ರ ಅಕ್ಟೋಬರ್‌ನಲ್ಲಿ, ಆತ್ಮಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಬಲವಂತ ಮಾಡಬಾರದು ಎಂದರು. ಚರ್ಚು ಸರಿ ಎಂದದ್ದನ್ನು ತನ್ನ ಮನಸ್ಸು ತಪ್ಪು ಎಂದರೆ ಹುಡುಗ ಯಾರ ಮಾತು ಕೇಳಬೇಕು? ಅಮೆರಿಕದ ಕಾನೂನು ಇದಕ್ಕೆ ಕೊಡುವ ಉತ್ತರ ಸ್ಪಷ್ಟ. ನಂಬಿಕೆ ಪ್ರಾಮಾಣಿಕವೇ ಎಂದು ನೋಡಬೇಕು. ಪ್ರಾಮಾಣಿಕವಾದರೆ, ಅದನ್ನು ಮೀರುವಷ್ಟು ಬಲವಾದ ಕಾರಣ ಈ ವ್ಯಕ್ತಿಯ ವಿಷಯದಲ್ಲಿ ಸರ್ಕಾರಕ್ಕಿದೆಯೇ, ಇದಕ್ಕಿಂತ ಹಗುರವಾದ ದಾರಿ ಇಲ್ಲವೇ ಎಂದು ಒಬ್ಬೊಬ್ಬರದನ್ನೂ ಬಿಡಿಬಿಡಿಯಾಗಿ ತೂಗಬೇಕು. 1993ರ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆ ಹೇಳುವುದು ಇದನ್ನೇ.

ತೂಗಿದ್ದು ಹೇಗೆ? ರಕ್ಷಣಾ ಇಲಾಖೆಯದೇ ಇನ್‌ಸ್ಪೆಕ್ಟರ್ ಜನರಲ್ 2022ರ ಜೂನ್ 2ರಂದು ಆಸ್ಟಿನ್ ಅವರಿಗೆ ಬರೆದ ಟಿಪ್ಪಣಿಯಲ್ಲಿ ಒಂದು ಗುಣಾಕಾರವಿದೆ. ಧಾರ್ಮಿಕ ಕಾರಣಕ್ಕೆ ವಿನಾಯಿತಿ ಕೇಳಿದ ಅರ್ಜಿಗಳಲ್ಲಿ, 90 ದಿನಗಳ ಅವಧಿಯಲ್ಲಿ ದಿನಕ್ಕೆ ಸರಾಸರಿ 50ನ್ನು ತಿರಸ್ಕರಿಸಲಾಗಿತ್ತು. ಅಧಿಕಾರಿ ದಿನಕ್ಕೆ ಹತ್ತು ಗಂಟೆ ಬೇರಾವ ಕೆಲಸವನ್ನೂ ಮಾಡದೆ ಕೂತರೂ ಒಂದು ಅರ್ಜಿಗೆ ಸಿಗುವುದು 12 ನಿಮಿಷ. ಪ್ರತಿ ಅರ್ಜಿಯ ಜತೆ ಪಾದ್ರಿಯೊಡನೆ ನಡೆದ ಸಂದರ್ಶನದ ಬರಹ, ಕಮಾಂಡರ್‌ನ ಶಿಫಾರಸು, ಕಾನೂನು ಅಭಿಪ್ರಾಯ ಎಲ್ಲ ಇರುತ್ತದೆ. ನೌಕಾಪಡೆಯ 35 ವಿಶೇಷ ಯೋಧರು ಹೂಡಿದ್ದ ಮೊಕದ್ದಮೆಯಲ್ಲಿ ಟೆಕ್ಸಾಸಿನ ನ್ಯಾಯಾಧೀಶ ರೀಡ್ ಓಕಾನರ್ 2022ರ ಜನವರಿಯಲ್ಲಿ ಈ ಪ್ರಕ್ರಿಯೆಯನ್ನು ನಾಟಕ ಎಂದೇ ಕರೆದು, ಅವರ ಮೇಲಿನ ಕ್ರಮಕ್ಕೆ ತಡೆಯಾಜ್ಞೆ ಕೊಟ್ಟಿದ್ದರು. ವೈದ್ಯಕೀಯ ಕಾರಣಕ್ಕೆ ವಿನಾಯಿತಿ ಸಿಗುತ್ತಿತ್ತು, ಧಾರ್ಮಿಕ ಕಾರಣಕ್ಕೆ ಮೊದಲ ತಿಂಗಳುಗಳಲ್ಲಿ ಸಿಕ್ಕಿದ್ದು ಬಹುತೇಕ ಸೊನ್ನೆ. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಯಾರನ್ನು ಎಲ್ಲಿಗೆ ಕಳಿಸಬೇಕೆಂಬ ತೀರ್ಮಾನ ಸೇನೆಯದೇ ಎಂದು ಆ ತಡೆಯಾಜ್ಞೆಯನ್ನು ಭಾಗಶಃ ಸಡಿಲಿಸಿತು. ಅದು ಸರಿಯಾದ ಮಾತು. ಹನ್ನೆರಡು ನಿಮಿಷಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ.

ಅರ್ಜಿ ಹಾಕಿದವರೆಲ್ಲ ಭಕ್ತರೇ ಎಂದು ನಾನು ಹೇಳುತ್ತಿಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕ ಮಾದರಿ ಪತ್ರಕ್ಕೆ ಹೆಸರು ತುಂಬಿದವರೂ ಇದ್ದಾರು. ಅವರನ್ನು ಬೇರ್ಪಡಿಸುವುದಕ್ಕೆಂದೇ ಬಿಡಿಬಿಡಿಯಾಗಿ ತೂಗುವ ನಿಯಮ ಇರುವುದು. ತೂಗದೆ ಎಲ್ಲವನ್ನೂ ಒಂದೇ ರಾಶಿಗೆ ಎಸೆದಾಗ ನಿಜವಾದವನಿಗೆ ಅನ್ಯಾಯ, ಸೋಗಿನವನಿಗೆ ಹುತಾತ್ಮನ ಪಟ್ಟ.

ಈ ಇಕ್ಕಟ್ಟು ಅಮೆರಿಕಕ್ಕೆ ಸೀಮಿತವಲ್ಲ. 2021ರಲ್ಲಿ ಗುಜರಾತಿನ ಜಾಮ್‌ನಗರದ ಭಾರತೀಯ ವಾಯುಪಡೆಯ ಕಾರ್ಪೊರಲ್ ಒಬ್ಬರು ಲಸಿಕೆ ಒಲ್ಲೆ ಎಂದು, ಬಂದ ಶೋಕಾಸ್ ನೋಟಿಸನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ್ದರು. ಜನಸಾಮಾನ್ಯರಿಗೆ ಲಸಿಕೆ ಐಚ್ಛಿಕವಾದರೂ ವಾಯುಪಡೆಯಲ್ಲಿ ಅದು ಸೇವಾ ಷರತ್ತು ಎಂದು ಕೇಂದ್ರ ವಾದಿಸಿತು. ಒಲ್ಲೆ ಎಂದ ಒಂಬತ್ತು ಮಂದಿಯಲ್ಲಿ ಒಬ್ಬರನ್ನು ಆಗಲೇ ಸೇವೆಯಿಂದ ತೆಗೆಯಲಾಗಿತ್ತು. 2022ರ ಮೇ 2ರಂದು ನಮ್ಮ ಸುಪ್ರೀಂ ಕೋರ್ಟ್ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಆದರೆ ಸಂವಿಧಾನದ 33ನೇ ವಿಧಿ ಸೇನೆಯವರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಇಲ್ಲಿ ಅದು ಅಲ್ಲಿನಷ್ಟು ದೊಡ್ಡ ಜಗಳವಾಗಲಿಲ್ಲ, ಅಷ್ಟೇ.

ಒಲ್ಲೆ ಎಂದ ಅಮೆರಿಕದ ಹುಡುಗ ಕಳೆದುಕೊಂಡದ್ದೇನು ಎಂಬುದಕ್ಕೂ ಲೆಕ್ಕವಿದೆ. ಅವನ ಬಡ್ತಿ, ವರ್ಗಾವಣೆ ನಿಂತವು. ಆಮೇಲೆ ಬಿಡುಗಡೆ. ಬಿಡುಗಡೆ ಪತ್ರದ ಮೇಲಿನ ಒಂದು ಪದಕ್ಕೆ ಅಲ್ಲಿ ಜೀವಮಾನದ ಬೆಲೆ. ಗೌರವಯುತ ಬಿಡುಗಡೆಯಾದರೆ ಜಿಐ ಬಿಲ್ ಎಂಬ ಯೋಜನೆಯಡಿ ಸರ್ಕಾರದ ಖರ್ಚಿನಲ್ಲಿ ಕಾಲೇಜು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸಾಮಾನ್ಯ ಬಿಡುಗಡೆ ಸಿಕ್ಕರೆ ಆಸ್ಪತ್ರೆ ಸೌಲಭ್ಯ ಉಳಿಯುತ್ತದೆ, ಕಾಲೇಜು ಹೋಗುತ್ತದೆ. ಲಸಿಕೆ ಒಲ್ಲೆ ಎಂದವರಿಗೆ ಈ ಎರಡಕ್ಕಿಂತ ಕೆಳಗಿನ ಬಿಡುಗಡೆ ಕೊಡಕೂಡದೆಂದು ಅಲ್ಲಿನ ಸಂಸತ್ತು 2021ರ ಡಿಸೆಂಬರ್‌ನಲ್ಲಿ ಕಟ್ಟಳೆ ಮಾಡಿತು. ಓದಿಗೆ ದುಡ್ಡಿಲ್ಲವೆಂದೇ ಸೇನೆ ಸೇರಿದ ಹುಡುಗನಿಗೆ ಆ ಒಂದು ಮೆಟ್ಟಿಲೇ ಪ್ರಪಾತ. ಹದಿನೆಂಟು ವರ್ಷ ಸೇವೆ ಮಾಡಿ ಇಪ್ಪತ್ತಕ್ಕೆ ಪಿಂಚಣಿ ಕಾಯುತ್ತಿರುವ ಸಾರ್ಜೆಂಟನದು ಇನ್ನೊಂದು ಬಗೆಯ ಸಂಕಟ. ಅತ್ತ ದರಿ, ಇತ್ತ ಪುಲಿ. ಸಕ್ರಿಯ ಸೇವೆಯಲ್ಲಿದ್ದ ಬಹುಪಾಲು ಮಂದಿ ಕೊನೆಗೆ ಹಾಕಿಸಿಕೊಂಡರು. ಅವರಲ್ಲಿ ಎಷ್ಟು ಜನ ಮನಸ್ಸೊಪ್ಪಿ, ಎಷ್ಟು ಜನ ಮನೆ ಸಾಲ ನೆನೆದು ಎಂಬುದನ್ನು ಯಾವ ಅಂಕಿ ಅಂಶವೂ ಹೇಳುವುದಿಲ್ಲ.

ಆಜ್ಞೆಯ ಕಾರಣ ಸವೆಯತೊಡಗಿದ್ದು 2021ರ ಚಳಿಗಾಲದಲ್ಲಿ. ಓಮೈಕ್ರಾನ್ ಬಂದ ಮೇಲೆ ಎರಡು ಡೋಸ್ ಪಡೆದವರಿಗೂ ಸೋಂಕು ಬರತೊಡಗಿತು. ಗಂಭೀರ ಕಾಯಿಲೆಯಿಂದ ಲಸಿಕೆ ಕಾಪಾಡುತ್ತಲೇ ಇತ್ತು. ಆದರೆ ನಾನು ಹಾಕಿಸಿಕೊಂಡರೆ ಪಕ್ಕದ ಮಂಚದವನಿಗೆ ರಕ್ಷೆ ಎಂಬ ತರ್ಕ ಸಡಿಲವಾಯಿತು, ಹಡಗಿನ ಲೆಕ್ಕಕ್ಕೆ ಆಧಾರವೇ ಆ ತರ್ಕ. ಆದೇಶ ಮಾತ್ರ ಕದಲಲಿಲ್ಲ. ಬೂಸ್ಟರನ್ನು ಎಂದೂ ಕಡ್ಡಾಯ ಮಾಡಲಿಲ್ಲ. ಹಿಂದೆ ಸೋಂಕು ಬಂದು ಹೋದವರನ್ನು ಲಸಿಕೆ ಪಡೆದವರಿಗೆ ಸಮ ಎಂದು ಎಣಿಸಲೂ ಇಲ್ಲ. ಹೀಗಾಗಿ 2022ರ ಬೇಸಿಗೆಯಲ್ಲಿ, ಒಂದೂವರೆ ವರ್ಷದ ಹಿಂದೆ ಎರಡು ಡೋಸ್ ಪಡೆದು ಆ ರಕ್ಷೆ ಬಹುಪಾಲು ಇಳಿದವನು ನಿಯಮಕ್ಕೆ ತಕ್ಕವನು. ಹೋದ ತಿಂಗಳಷ್ಟೇ ಕೋವಿಡ್ ಬಂದು ಗುಣವಾದವನು ನಿಯಮಭಂಜಕ. ಈ ಹೊತ್ತಿಗೆ ಸೇನೆ ಕಾಯುತ್ತಿದ್ದದ್ದು ಸನ್ನದ್ಧತೆಯನ್ನಲ್ಲ, ತನ್ನ ಮಾತನ್ನು. ಆ ಬೇಸಿಗೆಯಲ್ಲಿ ಅದೇ ಹುಡುಗ ಮತ್ತೆ ಬಂದು ಕೇಳಿದ್ದರೆ ನನ್ನ ಬಳಿ ಅಷ್ಟು ಖಚಿತವಾದ ಉತ್ತರ ಇರುತ್ತಿರಲಿಲ್ಲ.

ಕೊನೆಗೆ ಆಜ್ಞೆಯನ್ನು ಕೆಳಗಿಳಿಸಿದ್ದು ವೈದ್ಯರಲ್ಲ, ರಾಜಕೀಯ. 2022ರ ಡಿಸೆಂಬರ್ 23ರಂದು ಬೈಡನ್ ಸಹಿ ಹಾಕಿದ ರಕ್ಷಣಾ ಮಸೂದೆಯಲ್ಲೇ ರದ್ದತಿಯ ಷರತ್ತು ಸೇರಿತ್ತು. 2023ರ ಜನವರಿ 10ರಂದು ಆಸ್ಟಿನ್ ತಮ್ಮದೇ ಆದೇಶ ಹಿಂಪಡೆದರು. ಕಡ್ಡಾಯದಿಂದಲೇ ಸೇನೆಗೆ ಹುಡುಗರು ಬರುತ್ತಿಲ್ಲ ಎಂಬುದು ರದ್ದತಿ ಬಯಸಿದವರ ದೊಡ್ಡ ವಾದವಾಗಿತ್ತು. 2022ರಲ್ಲಿ ಭೂಸೇನೆಗೆ ಗುರಿಗಿಂತ 15,000 ಮಂದಿ ಕಡಿಮೆ ಬಿದ್ದದ್ದು ನಿಜ. ರದ್ದಾದ ವರ್ಷವೂ ಸುಮಾರು 10,000 ಕಡಿಮೆ ಬಿದ್ದರು. ಹೊರಹೋದ ಎಂಟು ಸಾವಿರದಲ್ಲಿ ಆ ವರ್ಷದ ಅಕ್ಟೋಬರ್ ಹೊತ್ತಿಗೆ ಮರಳಲು ಮುಂದೆ ಬಂದವರು ಐವತ್ತೂ ಇರಲಿಲ್ಲ. ಮನಸ್ಸು ಮುರಿದದ್ದು ಸೂಜಿಯಿಂದಷ್ಟೇ ಆಗಿದ್ದರೆ ಸೂಜಿ ಹೋದ ಮೇಲೆ ಕೂಡಬೇಕಿತ್ತಲ್ಲ.

2025ರ ಜನವರಿ 27ರಂದು ಟ್ರಂಪ್ ಇನ್ನೊಂದು ಆದೇಶಕ್ಕೆ ಸಹಿ ಹಾಕಿದರು. ಲಸಿಕೆ ಬೇಡವೆಂದು ಹೊರದಬ್ಬಿಸಿಕೊಂಡವರು ಬಯಸಿದರೆ ಹಳೆಯ ದರ್ಜೆಯಲ್ಲೇ ಮರಳಬಹುದು, ನಡುವಿನ ವರ್ಷಗಳ ಸಂಬಳವೂ ಸಿಗುತ್ತದೆ. ಯಾರೂ ದಬ್ಬದೆ ತಾವಾಗಿ ಬಿಟ್ಟುಹೋದವರು ಕೂಡ, ಲಸಿಕೆಯ ಕಾರಣಕ್ಕೇ ಬಿಟ್ಟೆವು ಎಂದು ಪ್ರಮಾಣ ಮಾಡಿ ಬರೆದುಕೊಟ್ಟರೆ ದರ್ಜೆ ಕಳೆದುಕೊಳ್ಳದೆ ವಾಪಸು ಸೇರಬಹುದು. ಅವಸರದಲ್ಲಿ ತೂಗಿದವರ ತಪ್ಪನ್ನು ಇದು ಒಂದಷ್ಟು ಸರಿಪಡಿಸುತ್ತದೆ, ಅದನ್ನು ಒಪ್ಪೋಣ. ಆದರೆ 2021ರಲ್ಲಿ ಕೊಟ್ಟ ಆಜ್ಞೆಯನ್ನು ಮೀರಿದವನಿಗೆ 2025ರಲ್ಲಿ ಹಿಂಬಾಕಿ ಸಿಗುವುದನ್ನು ಇಂದು ಸೇನೆಯಲ್ಲಿರುವ ಇಪ್ಪತ್ತರ ಹುಡುಗ ನೋಡುತ್ತಿದ್ದಾನೆ. ಮುಂದಿನ ಸಾಂಕ್ರಾಮಿಕದಲ್ಲಿ ಮುಂದಿನ ಕಮಾಂಡರ್ ಆಜ್ಞೆ ಓದಿ ಹೇಳುವಾಗ, ಮುಂದಿನ ಚುನಾವಣೆ ಎಂದು ಎಂದು ಅವನು ಮನಸ್ಸಿನಲ್ಲೇ ಎಣಿಸಬಹುದು.

ಇದಕ್ಕಿಂತ ನನ್ನನ್ನು ಕಾಡುವವನು ಇನ್ನೊಬ್ಬ. ಅರ್ಜಿ ಹಾಕಿದ, ಪಾದ್ರಿಯೆದುರು ಕೂತು ತನ್ನ ಸಂಕಟ ಹೇಳಿಕೊಂಡ, ಹನ್ನೆರಡು ನಿಮಿಷದಲ್ಲಿ ತಿರಸ್ಕಾರ ಪಡೆದ, ಆಮೇಲೆ ಹೆಂಡತಿ ಮಕ್ಕಳ ಮುಖ ನೋಡಿಯೋ, ಕೊಟ್ಟ ಪ್ರತಿಜ್ಞೆ ನೆನೆದೋ, ಮನಸ್ಸಿಗೆ ವಿರುದ್ಧವಾಗಿ ಕ್ಲಿನಿಕ್ಕಿಗೆ ಹೋಗಿ ಅಂಗಿಯ ತೋಳು ಮಡಚಿದ. ಅವನ ಸಂಬಳ ನಿಂತಿರಲಿಲ್ಲವಾದ್ದರಿಂದ ಹಿಂಬಾಕಿ ಇಲ್ಲ. ದರ್ಜೆ ಹೋಗಿರಲಿಲ್ಲವಾದ್ದರಿಂದ ಮರಳಿ ಕೊಡಲು ದರ್ಜೆಯಿಲ್ಲ. ಹೊಸ ಆದೇಶದಲ್ಲಿ ಅವನ ಪ್ರಸ್ತಾಪವಿಲ್ಲ. ಅವನ ಸೇವಾ ಕಡತದಲ್ಲಿ ಇರುವುದು ಒಂದೇ ಸಾಲು: ಲಸಿಕೆ ಹಾಕಿದ ತಾರೀಖು, ಬ್ಯಾಚ್ ಸಂಖ್ಯೆ, ಎಡತೋಳೋ ಬಲತೋಳೋ ಎಂಬ ವಿವರ.